ನಾಲ್ಕು ಹುಳದ ಸೂಜಿ

ಜಾಲೊಗ್ ಊರಿನಲ್ಲಿ ಒಬ್ಬ ಗಂಡಸಿನ ಬಗ್ಗೆ ಏನು ಬೇಕಾದರೂ ಹೇಳಬಹುದು. ಕುಡಿಯುತ್ತಾನೆ ಎನ್ನಬಹುದು. ಪಕ್ಕದವನ ಕಡೆಗೆ ಬೇಲಿ ಸರಿಸುತ್ತಾನೆ ಎನ್ನಬಹುದು. ಚರ್ಚಿನಲ್ಲಿ ಪಾದ್ರಿಗಳು ಬೋಧನೆ ಮಾಡುವಾಗ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಾನೆ ಎಂದರೂ ಅವನು ನಕ್ಕು ಸುಮ್ಮನಾಗುತ್ತಾನೆ. ಆದರೆ ಅವನಿಗೆ ಜೇನುಹುಳ ಕಚ್ಚಿದರೆ ಮೈ ಊದುತ್ತದೆ ಎಂದು ಮಾತ್ರ ಹೇಳಬಾರದು. ಸ್ಲೊವೇನಿಯಾದ ಆ ಕಣಿವೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಕಾರಣ ಇಷ್ಟೇ. ಅಲ್ಲಿನ ಬೂದುಬಣ್ಣದ ಹುಳ ಲೋಕದಲ್ಲೇ ಸಾಧು ಎಂದು ಅವರ ನಂಬಿಕೆ. ಅದು ಸುಮ್ಮಸುಮ್ಮನೆ ಕಚ್ಚುವುದಿಲ್ಲ. ಕಚ್ಚಿತೋ, ಹುಳದ ತಪ್ಪಲ್ಲ, ಕಚ್ಚಿಸಿಕೊಂಡವನ ನಡತೆಯಲ್ಲಿ ಏನೋ ಐಬಿದೆ. ಕಚ್ಚಿದ ಮೇಲೆ ಊದಿತೋ, ಐಬು ಬಹಳ ಒಳಗಿನದು. ಈ ಶಾಸ್ತ್ರವನ್ನು ಯಾರು ಮಾಡಿದರೋ ಗೊತ್ತಿಲ್ಲ, ನಂಬದವರಂತೂ ಊರಲ್ಲಿರಲಿಲ್ಲ.

ಇಂಥ ಊರಿನಲ್ಲಿ ಸಿರಿಲ್ ಎಂಬವನಿದ್ದ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಿಂದ ನಿವೃತ್ತನಾಗಿ, ತಾತ ಕಟ್ಟಿದ ಜೇನುಮನೆಯನ್ನು ನೋಡಿಕೊಂಡಿದ್ದ. ಮರದ ಆ ಪುಟ್ಟ ಮನೆಯ ಗೋಡೆ ತುಂಬ ಸಾಲುಸಾಲು ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮುಂದಿನ ಹಲಗೆಯ ಮೇಲೂ ಒಂದೊಂದು ಚಿತ್ರ. ಒಂದರಲ್ಲಿ ಕಾಡುಪ್ರಾಣಿಗಳೆಲ್ಲ ಸೇರಿ ಬೇಟೆಗಾರನ ಹೆಣ ಹೊತ್ತಿವೆ. ಇನ್ನೊಂದರಲ್ಲಿ ಸೈತಾನ ಒಬ್ಬ ಗಯ್ಯಾಳಿಯ ನಾಲಿಗೆಯನ್ನು ಸಾಣೆ ಹಿಡಿಯುತ್ತಿದ್ದಾನೆ. ಹುಳಗಳು ಈ ಚಿತ್ರ ನೋಡಿಯೇ ತಮ್ಮ ಮನೆಯ ಗುರುತು ಹಿಡಿಯುತ್ತವಂತೆ. ಸಿರಿಲ್‌ಗೆ ಈ ಜೇನುಮನೆ ಎಂದರೆ ಪ್ರಾಣ. ಅವನ ಹೆಂಡತಿ ಪಾವ್ಲಾಗೆ ಸಿರಿಲ್ ಎಂದರೆ ಪ್ರಾಣ, ಹುಳ ಎಂದರೆ ಹೆದರಿಕೆ. ಜೇನುಮನೆಯ ಮುಂದೊಂದು ಪ್ಲಮ್ ಮರವಿತ್ತು. ಮದುವೆಯಾಗಿ ಬಂದಂದಿನಿಂದ ಅವಳು ಆ ಮರದಿಂದಾಚೆ ಕಾಲಿಟ್ಟವಳಲ್ಲ.

ಸಿರಿಲ್‌ನ ಬಾಳಿನಲ್ಲಿ ಇನ್ನೊಂದೇ ಒಂದು ಆಸೆ ಉಳಿದಿತ್ತು. ಊರಿನ ಜೇನು ಸಾಕುವವರ ಸಂಘಕ್ಕೆ ಅಧ್ಯಕ್ಷನಾಗುವುದು. ಅದೇ ಆಸೆ ಪಕ್ಕದ ಮನೆಯ ಫ್ರಾನ್ಸೆಲ್‌ಗೂ ಇತ್ತು. ಪ್ರತಿ ಚುನಾವಣೆಯಲ್ಲೂ ಇವರಿಬ್ಬರು ಒಬ್ಬರನ್ನೊಬ್ಬರು ಸೋಲಿಸುವ ಭರದಲ್ಲಿ, ಯಾವ ಆಸೆಯೂ ಇಲ್ಲದ ಮೂರನೆಯವನೊಬ್ಬ ಗೆದ್ದು ಕಂಗಾಲಾಗುತ್ತಿದ್ದ.

ಆ ವರ್ಷ ಮೇ ತಿಂಗಳಲ್ಲಿ ಶಾಲೆಯ ಮಕ್ಕಳು ಜೇನುಮನೆ ನೋಡಲು ಬಂದರು. ಸಿರಿಲ್ ಸಂಘದ ಸಮವಸ್ತ್ರ ತೊಟ್ಟು, ಬರಿಗೈಯಲ್ಲಿ, ಮುಖಕ್ಕೆ ಪರದೆಯೂ ಇಲ್ಲದೆ ಪೆಟ್ಟಿಗೆ ತೆರೆದು ನಿಂತ. ನಮ್ಮ ಹುಳಕ್ಕೆ ಒಳ್ಳೆಯವರು ಯಾರು ಎಂದು ಗೊತ್ತಾಗುತ್ತದೆ ಎಂದು ಉಪದೇಶ ಮಾಡುತ್ತಿರುವಾಗಲೇ, ಒಳ್ಳೆಯವರ ಪರಿಚಯವಿಲ್ಲದ ಒಂದು ಹುಳ ಬಂದು ಕಿವಿಯ ಹಿಂದೆ ಕಚ್ಚಿತು. ಸಿರಿಲ್ ಮಾತು ನಿಲ್ಲಿಸಲಿಲ್ಲ. ಅವನ ಗಂಟಲು ಕಟ್ಟಿತು, ಕಣ್ಣು ಕೆಂಪಾಗಿ ನೀರು ಸುರಿಯಿತು. ಹುಳಗಳ ಮೇಲಿನ ಪ್ರೀತಿಯಿಂದ ಅಜ್ಜ ಅಳುತ್ತಿದ್ದಾರೆ ಎಂದು ಮೇಡಂ ಮಕ್ಕಳಿಗೆ ಹೇಳಿಕೊಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿ, ಸಿರಿಲ್ ಪ್ಲಮ್ ಮರದ ಬುಡದಲ್ಲಿ ದೊಪ್ಪನೆ ಬಿದ್ದ.

ಬಟ್ಟೆ ಒಣಹಾಕುತ್ತಿದ್ದ ಪಾವ್ಲಾ ಓಡಿಬಂದು ನೋಡಿದರೆ, ಗಂಡನ ಮುಖದಲ್ಲಿ ಗಂಡನ ಗುರುತೇ ಇಲ್ಲ. ಅವನನ್ನು ಎಳೆದು ಹಳೆಯ ಕಾರಿಗೆ ತುಂಬಿ, ಪಟ್ಟಣದ ಆಸ್ಪತ್ರೆಗೆ ಹಾರಿಸಿಕೊಂಡು ಹೋದಳು. ಇನ್ನೊಂದಿಷ್ಟು ತಡವಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು ಎಂದು ಅಲ್ಲಿನ ವೈದ್ಯರು ಹೇಳಿದರು. ಆ ಮಾತು ಪಾವ್ಲಾಳ ಎದೆಯಲ್ಲಿ ಕೂತುಬಿಟ್ಟಿತು. ಸಿರಿಲ್‌ಗೆ ಮಾತ್ರ ಬೇರೆಯೇ ಚಿಂತೆ. ತುಟಿ ಇನ್ನೂ ದಪ್ಪಗಿರುವಾಗಲೇ ಹೆಂಡತಿಯ ಕೈ ಹಿಡಿದು, ಊರಲ್ಲಿ ಹಲ್ಲುನೋವು ಅಂತ ಹೇಳಿಬಿಡು ಎಂದು ಬೇಡಿಕೊಂಡ. ಹಲ್ಲು ಎಂದು ಊರಿಗೆ ಗೊತ್ತಾಯಿತು.

ಪಟ್ಟಣದ ವೈದ್ಯರು ಅವನನ್ನು ಬೆಟ್ಟದ ಬುಡದಲ್ಲಿರುವ ಶ್ವಾಸಕೋಶದ ಆಸ್ಪತ್ರೆಗೆ ಕಳುಹಿಸಿದರು. ಅಲರ್ಜಿ ವಿಭಾಗ ಇದ್ದದ್ದು ಅಲ್ಲೇ. ಹುಳದ ವಿಷವನ್ನೇ ಸೂಜಿಯಲ್ಲಿ ಹನಿಹನಿಯಾಗಿ ಕೊಟ್ಟು ಮೈಗೆ ರೂಢಿ ಮಾಡಿಸುವ ಚಿಕಿತ್ಸೆ. ಡಾಕ್ಟರ್ ಯೆರ್ನೇಯಾ ಎಂಬ ಶಾಂತಸ್ವಭಾವದ ಹೆಣ್ಣುಮಗಳು ಅದನ್ನು ನೋಡಿಕೊಳ್ಳುತ್ತಿದ್ದಳು. ಸಿರಿಲ್ ತನ್ನ ಸರದಿಗೆ ಕಾದು ಕುಳಿತಿದ್ದಾಗ ತೆರೆದ ಬಾಗಿಲಿನಿಂದ ಮಾತು ಕೇಳಿಸಿತು. ಯಾವುದೋ ಬೇರೆ ಕಣಿವೆಯ ಜೇನು ಸಾಕುವವನಿಗೆ ಅವಳು ಹೇಳುತ್ತಿದ್ದಳು, ಡೋಸು ಮೈಗೆ ಹೊಂದುವವರೆಗೆ ಪೆಟ್ಟಿಗೆಗಳ ಹತ್ತಿರ ಸುಳಿಯಬೇಡಿ, ಹೊಂದದೇ ಹೋದರೆ ಮಾರಿಬಿಡಿ ಎಂದು. ಆ ಮನುಷ್ಯ ಟೋಪಿಯನ್ನು ಹಿಂಡುತ್ತಾ ಹೊರಗೆ ಬಂದ. ಸಿರಿಲ್ ತನ್ನ ಕೋಟಿನ ಮೇಲಿದ್ದ ಸಂಘದ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಒಳಗೆ ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, ನಿಮಗೂ ಹುಳಕ್ಕೂ ಎಷ್ಟು ಒಡನಾಟ ಎಂದು.

"ಒಡನಾಟ ಏನಿಲ್ಲ ಡಾಕ್ಟ್ರೇ. ಜೇನಿನ ಬಾಟ್ಲಿ ಮೇಲೆ ಚಿತ್ರ ಇರುತ್ತಲ್ಲ, ಅಷ್ಟೇ ನೋಡಿರೋದು."

ತಾನು ಪಟ್ಟಣದಲ್ಲಿ ಮೂರನೇ ಮಹಡಿಯಲ್ಲಿದ್ದೇನೆ, ಭಾನುವಾರದ ವಾಯುವಿಹಾರದಲ್ಲಿ ಹುಳ ಕಚ್ಚಿತು ಎಂದೂ ಸೇರಿಸಿದ. ಡಾಕ್ಟರು ನಂಬಿದಳು. ಅವಳು ರೋಗಿಗಳಿಗೆ ಸುಲಭವಾಗಲೆಂದು ಡೋಸನ್ನು ಹುಳದ ಲೆಕ್ಕದಲ್ಲೇ ಹೇಳುತ್ತಿದ್ದಳು. ಒಂದು ಹುಳದ ಸಾವಿರದಲ್ಲೊಂದು ಪಾಲಿನಿಂದ ಶುರುಮಾಡಿ, ವಾರವಾರ ಏರಿಸುತ್ತ, ಎರಡು ಹುಳ ಒಟ್ಟಿಗೆ ಕಚ್ಚಿದಷ್ಟಕ್ಕೆ ಹೋಗಿ ನಿಲ್ಲಿಸುವುದು. ವಾಯುವಿಹಾರದ ಮನುಷ್ಯನಿಗೆ ಎರಡು ಹುಳ ಧಾರಾಳವಾಯಿತು.

ಹೊರಗೆ ಕಾರಿನಲ್ಲಿ ಕಾದಿದ್ದ ಪಾವ್ಲಾ ಡಾಕ್ಟರು ಏನಂದರು ಎಂದು ಕೇಳಿದಳು. ಹುಳಗಳ ಜೊತೆ ಸ್ವಲ್ಪಸ್ವಲ್ಪ ಇರಬಹುದಂತೆ, ಮೈಗೆ ಅಭ್ಯಾಸವಾಗಲಿ ಅಂದರು ಎಂದ. ಹೀಗೆ ಊರಿಗೊಂದು, ಡಾಕ್ಟರಿಗೊಂದು, ಹೆಂಡತಿಗೊಂದು ಸುಳ್ಳಾಯಿತು. ಆಯುಷ್ಯವೆಲ್ಲ ಟಿಕೆಟ್ ಇಲ್ಲದವರನ್ನು ಹಿಡಿದು ಕೆಳಗಿಳಿಸಿದ ಮನುಷ್ಯ, ಈಗ ತಾನೇ ಟಿಕೆಟ್ ಇಲ್ಲದೆ ಮೂರು ಬೋಗಿಗಳಲ್ಲಿ ಏಕಕಾಲಕ್ಕೆ ಪ್ರಯಾಣ ಮಾಡತೊಡಗಿದ.

ಮಂಗಳವಾರಕ್ಕೊಂದು ಸೂಜಿ. ಮೊದಮೊದಲು ಎಲ್ಲ ಸುಸೂತ್ರವಾಗಿತ್ತು. ಆದರೆ ಫ್ರಾನ್ಸೆಲ್‌ನ ನಾದಿನಿಯೊಬ್ಬಳು ಆ ಬೆಟ್ಟದ ಬುಡದ ಊರಿನಲ್ಲಿ ಬೇಕರಿ ಇಟ್ಟಿದ್ದಳು. ಸಿರಿಲ್ ಶ್ವಾಸಕೋಶದ ಆಸ್ಪತ್ರೆಯ ಮೆಟ್ಟಿಲಿಳಿಯುವುದನ್ನು ಅವಳು ಒಂದು ಸಲ ನೋಡಿದಳು, ಮುಂದಿನ ವಾರ ಮತ್ತೊಮ್ಮೆ ನೋಡಿದಳು. ಹಲ್ಲುನೋವಿಗೆ ಯಾರೂ ಶ್ವಾಸಕೋಶದ ಆಸ್ಪತ್ರೆಗೆ ಹೋಗುವುದಿಲ್ಲವಲ್ಲ. ಅಲ್ಲಿ ಅಲರ್ಜಿಗೂ ಚಿಕಿತ್ಸೆಯುಂಟು ಎಂಬುದು ಜಾಲೊಗ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಹೋದವರು ಯಾವ ಸ್ಥಿತಿಯಲ್ಲಿ ಹಿಂತಿರುಗುತ್ತಾರೆ ಎಂಬುದು ಮಾತ್ರ ಹಳೆಯ ತಲೆಗಳಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯೊಳಗೆ ಸಿರಿಲ್‌ನ ಎದೆ ಪೂರ್ತಿ ಹಾಳಾಗಿದೆ ಎಂದು ತೀರ್ಮಾನವಾಯಿತು. ಪಾಪ, ಹೆಂಡತಿಗೆ ನೋವಾಗಬಾರದೆಂದು ಹಲ್ಲು ಅನ್ನುತ್ತಿದ್ದಾನೆ, ನಾವೂ ಹಲ್ಲು ಅನ್ನೋಣ ಎಂದು ಊರು ಒಂದಾಗಿ ನಿರ್ಧರಿಸಿತು.

ಮಾರನೆಯ ದಿನದಿಂದ ಸಿರಿಲ್‌ನ ಮನೆಗೆ ತಿಂಡಿಗಳ ಮೆರವಣಿಗೆ. ಒಬ್ಬರು ಅಕ್ರೋಟು ತುಂಬಿದ ಪೊತಿತ್ಸಾ ರೊಟ್ಟಿ ತಂದರು. ಇನ್ನೊಬ್ಬರು ಎದೆಗೆ ಒಳ್ಳೆಯದೆಂದು ಸ್ಪ್ರೂಸ್ ಮರದ ಚಿಗುರಿನ ಪಾಕ ತಂದು, ಇದು ಹಲ್ಲಿಗೆ ಒಳ್ಳೆಯದು ಎಂದು ಹೇಳಿ ಕೊಟ್ಟರು. ಕೋಳಿ ಸಾರು ಬಂತು, ಬಾತುಕೋಳಿಯ ಕೊಬ್ಬು ಬಂತು. ಮನೆ ತುಂಬ ಜೇನಿದ್ದವನಿಗೆ ಊರಿನ ಅಷ್ಟೂ ಮನೆಗಳಿಂದ ಜೇನು ಬಂತು. ಒಂದು ಹಲ್ಲಿಗೆ ಇಷ್ಟೊಂದು ಮರ್ಯಾದೆ ಯಾಕೆ ಎಂದು ಬೇರೆ ಯಾರಾದರೂ ಆಗಿದ್ದರೆ ಯೋಚಿಸುತ್ತಿದ್ದರು. ಸಿರಿಲ್ ಯೋಚಿಸಿದ್ದು ಹೀಗೆ. ಸಂಘದ ಚುನಾವಣೆ ಹತ್ತಿರ ಬಂದಿದೆ, ಜನರಿಗೆ ಕೊನೆಗೂ ಯೋಗ್ಯತೆಯ ಬೆಲೆ ತಿಳಿಯಿತು.

ಪಾವ್ಲಾಳ ಪಾಡು ಇನ್ನೊಂದು ಥರ. ಚರ್ಚಿನಿಂದ ಬರುವಾಗ ಫ್ರಾನ್ಸೆಲ್‌ನ ಹೆಂಡತಿ ಅವಳನ್ನು ಅಪ್ಪಿಕೊಂಡು ಹೆಗಲ ಮೇಲೆ ಅತ್ತುಬಿಟ್ಟಳು. ಆ ಮನೆಯಲ್ಲಿ ಗಂಡಹೆಂಡಿರಿಗೆ ಸರಿಯಿಲ್ಲ ಎಂದುಕೊಂಡ ಪಾವ್ಲಾ, ಅವಳ ಬೆನ್ನು ಸವರಿ, ಗಂಡಸರೇ ಹಾಗೆ, ಸಹಿಸಿಕೊಳ್ಳಬೇಕು ಎಂದು ಸಮಾಧಾನ ಹೇಳಿದಳು. ಇಂಥ ಹೊತ್ತಿನಲ್ಲೂ ಅವಳೇ ನನಗೆ ಸಮಾಧಾನ ಹೇಳಿದಳಲ್ಲ ಎಂದು ಆಕೆ ಇನ್ನೂ ಜೋರಾಗಿ ಅತ್ತಳು.

ಆಗಸ್ಟಿನಲ್ಲಿ ಚುನಾವಣೆ ನಡೆಯಿತು. ಫ್ರಾನ್ಸೆಲ್ ಎದ್ದು ನಿಂತು, ತಾನು ಈ ಸಲ ಸ್ಪರ್ಧಿಸುವುದಿಲ್ಲ, ಸಿರಿಲ್‌ಗಿಂತ ತಕ್ಕವನು ಈ ಕಣಿವೆಯಲ್ಲಿ ಹುಟ್ಟಿಲ್ಲ ಎಂದ. ಹೇಳುವಾಗ ಅವನ ಮೀಸೆ ನಡುಗಿತು. ಎಲ್ಲರ ಕೈಗಳೂ ಮೇಲೆದ್ದವು. ಸಿರಿಲ್ ಭಾಷಣಕ್ಕೆ ನಿಂತು, ಇಷ್ಟು ತಡವಾಗಿ ಸಿಕ್ಕಿದ ಈ ಕುರ್ಚಿಯನ್ನು ಕೊನೆಯುಸಿರಿರುವ ತನಕ ಬಿಡುವವನಲ್ಲ ಎಂದು ಗುಡುಗಿದ. ಸಭೆಯಲ್ಲಿದ್ದ ಗಂಡಸರೆಲ್ಲ ಕರವಸ್ತ್ರ ಹುಡುಕಿದರು. ತನ್ನ ಮಾತಿಗೆ ಇಷ್ಟು ಶಕ್ತಿಯಿದೆ ಎಂದು ಸಿರಿಲ್‌ಗೇ ಗೊತ್ತಿರಲಿಲ್ಲ.

ಅಧ್ಯಕ್ಷನಾದ ಮೇಲೆ ಕಷ್ಟ ಹೆಚ್ಚಾಯಿತು. ಭಾನುವಾರ ಬಂದರೆ ಜೇನುಮನೆ ನೋಡಲು ಜನ. ಅಧ್ಯಕ್ಷ ಪರದೆ ಹಾಕಿಕೊಂಡು ನಿಂತರೆ ಮಾನ ಉಳಿಯುತ್ತದೆಯೇ. ಬರಿಗೈ ಹಾಕುವುದು, ಬೆರಳಿಗೆ ಕಚ್ಚಿಸಿಕೊಳ್ಳುವುದು, ಏನೋ ನೆನಪಾಯಿತು ಎಂದು ಕೊಟ್ಟಿಗೆಯ ಹಿಂದೆ ಹೋಗಿ ಆಸ್ಪತ್ರೆಯ ಮಾತ್ರೆ ನುಂಗುವುದು, ಕೈಯನ್ನು ಜೇಬಿನೊಳಗೆ ಬಚ್ಚಿಟ್ಟುಕೊಂಡು ಹಿಂತಿರುಗಿ ನಗುವುದು. ಸೂಜಿಗಳ ಪುಣ್ಯದಿಂದ ಬಿದ್ದುಹೋಗುವಷ್ಟು ಆಗುತ್ತಿರಲಿಲ್ಲ. ಆದರೆ ಭಾನುವಾರ ಮೈಯೊಳಗೆ ಹೋದ ವಿಷ ಮಂಗಳವಾರ ಡಾಕ್ಟರ ಲೆಕ್ಕವನ್ನು ಕೆಡಿಸುತ್ತಿತ್ತು. ಅವಳು ಅರ್ಧ ಹುಳಕ್ಕೆ ಏರಿಸಿದರೆ ತೋಳು ಊದಿ ದಿಂಬಾಗುತ್ತಿತ್ತು, ಕಾಲು ಹುಳಕ್ಕೆ ಇಳಿಸಬೇಕಾಗುತ್ತಿತ್ತು. ಮತ್ತೆ ಏರಿಸಿದರೆ ಉಸಿರು ಸುಯ್ ಎನ್ನುತ್ತಿತ್ತು. ಇಂಥ ರೋಗಿಯನ್ನು ನಾನು ನೋಡಿಯೇ ಇಲ್ಲ ಎಂದು ಡಾಕ್ಟರು ಹಣೆ ಉಜ್ಜಿಕೊಂಡಳು. ಒಂದು ದಿನ ಅವನ ಬೆರಳನ್ನು ಹಿಡಿದು, ಈ ಕೆಂಪು ಗುರುತು ಯಾವುದು ಎಂದು ಕೇಳಿದಳು.

"ಗುಲಾಬಿ ಮುಳ್ಳು ಡಾಕ್ಟ್ರೇ."

"ಮೂರನೇ ಮಹಡೀಲಿ ಗುಲಾಬಿನಾ?"

"ಕುಂಡದಲ್ಲಿ."

"ವಾರವಾರ ಚುಚ್ಚುತ್ತಾ?"

"ಬಹಳ ಒರಟು ಜಾತಿ ಗುಲಾಬಿ," ಎಂದ ಸಿರಿಲ್.

ಡಾಕ್ಟರು ನಗಲಿಲ್ಲ. ಹೀಗೇ ಮುಂದುವರಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ, ಆಮೇಲೆ ಎಲ್ಲಾದರೂ ಒಂದು ಹುಳ ಸಾಕು, ನಿಮ್ಮ ಮನೆಯವರಿಗೆ ನೀವು ಸಿಗುವುದಿಲ್ಲ ಎಂದಳು. ಸಿರಿಲ್ ಆ ದಿನ ದಾರಿಯುದ್ದಕ್ಕೂ ಬೆರಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ. ಪಾವ್ಲಾ ಕಾರು ಓಡಿಸುತ್ತಾ ಓರೆಗಣ್ಣಿನಲ್ಲಿ ಅವನನ್ನು ನೋಡುತ್ತಿದ್ದಳು. ಅವಳಿಗೂ ಏನೋ ಅನುಮಾನ ಶುರುವಾಗಿತ್ತು, ಕೇಳಲು ಭಯ. ಕೇಳಿದರೆ ಉತ್ತರ ಬರುತ್ತದಲ್ಲ.

ಸೆಪ್ಟೆಂಬರಿನ ಒಂದು ವಾರ ಸೂಜಿ ಹಾಕಿದ ಕೂಡಲೇ ಸಿರಿಲ್‌ನ ತುಟಿ ನೀಲಿಯಾಗಿ, ಡಾಕ್ಟರು, ಸಿಸ್ಟರು ಎಲ್ಲ ಓಡಾಡುವಂತಾಯಿತು. ಅವನು ಸುಧಾರಿಸಿಕೊಂಡರೂ, ಈ ಮೈಯೊಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ತನಕ ಮನೆಗೆ ಬಿಡುವುದಿಲ್ಲ ಎಂದು ಡಾಕ್ಟರು ವಾರ್ಡಿನಲ್ಲಿ ಮಲಗಿಸಿದಳು. ಪಾವ್ಲಾ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಊರಿನಲ್ಲಿ ಪಕ್ಕದ ಮನೆಯ ದೀಪ ಹತ್ತದಿರುವುದನ್ನು ಫ್ರಾನ್ಸೆಲ್ ನೋಡಿದ. ಬೆಳಗ್ಗೆಯೂ ಚಿಮಣಿಯಲ್ಲಿ ಹೊಗೆಯಿಲ್ಲ. ಶನಿವಾರದವರೆಗೆ ತಡೆದುಕೊಂಡು, ಮಧ್ಯಾಹ್ನ ಆಸ್ಪತ್ರೆಗೆ ಫೋನು ಮಾಡಿದ. ಯಾರೋ ಸಿಸ್ಟರು ಎತ್ತಿಕೊಂಡು, ಅವರು ಹಾಸಿಗೆಯಲ್ಲಿಲ್ಲ, ಹೆಚ್ಚಿನ ವಿಷಯ ಮನೆಯವರಿಗೆ ಬಿಟ್ಟು ಬೇರೆಯವರಿಗೆ ಹೇಳುವ ಹಾಗಿಲ್ಲ ಎಂದು ನಯವಾಗಿ ಹೇಳಿದಳು. ಸಿರಿಲ್ ಆಗ ಶೌಚಾಲಯದಲ್ಲಿದ್ದ.

ಫ್ರಾನ್ಸೆಲ್ ಫೋನಿಟ್ಟು ಟೋಪಿ ತೆಗೆದ. ಆಯುಷ್ಯವಿಡೀ ಜಗಳವಾಡಿದ ಗೆಳೆಯ ಹೋದ. ಅಳುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ, ಯಾಕೆಂದರೆ ಸೂರ್ಯ ಬೆಟ್ಟದ ಕಡೆ ವಾಲಿದ್ದ. ಆ ಕಣಿವೆಯಲ್ಲಿ ಯಜಮಾನ ಸತ್ತರೆ ಅದನ್ನು ಹುಳಗಳಿಗೆ ಅಂದೇ, ಕತ್ತಲಾಗುವ ಮೊದಲು ಹೇಳಬೇಕು. ಪೆಟ್ಟಿಗೆಯನ್ನು ತಟ್ಟಿ, ನಿಮ್ಮ ಯಜಮಾನ ತೀರಿಕೊಂಡ, ಇನ್ನು ಇಂಥವರು ನಿಮ್ಮ ಯಜಮಾನರು ಎಂದು ಮರ್ಯಾದೆಯಿಂದ ತಿಳಿಸಬೇಕು. ತಿಳಿಸದಿದ್ದರೆ ಹುಳಗಳೂ ಯಜಮಾನನ ಹಿಂದೆಯೇ ಹೋಗಿಬಿಡುತ್ತವೆ. ಫ್ರಾನ್ಸೆಲ್ ಬೇಲಿ ದಾಟಿ ಹೋಗಿ, ಒಂದೊಂದೇ ಪೆಟ್ಟಿಗೆಯನ್ನು ತಟ್ಟಿ ಹೇಳಿದ. ಬೇಟೆಗಾರನ ಹೆಣ ಹೊತ್ತ ಪ್ರಾಣಿಗಳ ಪೆಟ್ಟಿಗೆಯ ಮುಂದೆ ಬಂದಾಗ ಮಾತಿನ ನಡುವೆ ಮೂಗೊರೆಸಿಕೊಂಡ. ಅಲ್ಲಿ ಎರಡು ಸಲ ಹೇಳಬೇಕಾಯಿತು.

ಭಾನುವಾರ ಮಧ್ಯಾಹ್ನ ಸಂಘ ಆಸ್ಪತ್ರೆಗೆ ಬಂತು. ಎಲ್ಲರೂ ಸಮವಸ್ತ್ರದಲ್ಲಿದ್ದರು. ಮುಂದೆ ಸಂಘದ ದೊಡ್ಡ ಬಾವುಟ, ಅದರ ತುದಿಗೆ ಕಪ್ಪು ಪಟ್ಟಿ. ಬಾವುಟ ವಾರ್ಡಿನ ಬಾಗಿಲಲ್ಲಿ ಹಿಡಿಸದೆ, ಸಿಸ್ಟರು ಬೇಡವೆನ್ನುತ್ತಿದ್ದರೂ ಅಡ್ಡಡ್ಡ ಮಾಡಿ ಒಳಗೆ ತಂದರು. ಹಿಂದೆ ಫ್ರಾನ್ಸೆಲ್, ಎರಡು ಕೈಯಲ್ಲೂ ಹೂವಿನ ಚಕ್ರ. ವಿಧವೆಗೆ ಧೈರ್ಯ ಹೇಳಿ, ಅಧ್ಯಕ್ಷನನ್ನು ಊರಿಗೆ ಕರೆದೊಯ್ಯಲು ಬಂದವರಿಗೆ, ಅಧ್ಯಕ್ಷ ಹಾಸಿಗೆಯ ಮೇಲೆ ಕೂತು ಶಾವಿಗೆ ಹಾಕಿದ ಮಾಂಸದ ಸಾರು ಕುಡಿಯುತ್ತಿರುವುದು ಕಂಡಿತು.

ಸಿರಿಲ್‌ನ ಗಲ್ಲದಿಂದ ಒಂದು ಶಾವಿಗೆ ನೇತಾಡುತ್ತಿತ್ತು.

"ನೀನು ಸತ್ತಿಲ್ವೇನೋ?" ಎಂದ ಫ್ರಾನ್ಸೆಲ್.

"ಇನ್ನೂ ಇಲ್ಲ ಮಾರಾಯ. ಯಾಕೆ?"

"ಹೂವು ತಂದ್ಬಿಟ್ಟಿದೀವಿ."

ಇಷ್ಟು ಹೇಳಿ ಫ್ರಾನ್ಸೆಲ್ ಹೂವಿನ ಚಕ್ರದ ಸಮೇತ ಹಾಸಿಗೆಯ ಮೇಲೆ ಕುಸಿದು ಕೂತು, ಸಿರಿಲ್‌ನನ್ನು ತಬ್ಬಿಕೊಂಡು ಅತ್ತುಬಿಟ್ಟ. ಸಾರು ಚೆಲ್ಲಿತು. ಗಲಾಟೆ ಕೇಳಿ ಡಾಕ್ಟರ್ ಯೆರ್ನೇಯಾ ಬಂದು, ಇವರೆಲ್ಲ ಯಾರು, ಇದು ಯಾವ ಬಾವುಟ ಎಂದು ಕೇಳಿದಳು. ಸಿರಿಲ್ ಕಣ್ಣುಮುಚ್ಚಿ ಮಲಗಿಬಿಟ್ಟ. ಬಾವುಟ ಹಿಡಿದವನು, ನಾವು ಜಾಲೊಗ್‌ನ ಜೇನು ಸಾಕುವವರ ಸಂಘ, ಇವರು ನಮ್ಮ ಅಧ್ಯಕ್ಷರು ಎಂದು ಎದೆಯುಬ್ಬಿಸಿ ಹೇಳಿದ.

ಡಾಕ್ಟರು ಸಿರಿಲ್‌ನನ್ನು ನೋಡಿದಳು. ಸಿರಿಲ್ ಕಣ್ಣು ತೆರೆಯಲಿಲ್ಲ.

"ಇವರ ಹತ್ರ ಹುಳ ಇದ್ಯಾ?" ಎಂದು ಕೇಳಿದಳು.

"ಇದ್ಯಾ ಅಂದ್ರೆ? ನಮ್ಮ ಕಣಿವೇಲಿ ಇವನಷ್ಟು ಪೆಟ್ಟಿಗೆ ಯಾರ ಹತ್ರಾನೂ ಇಲ್ಲ ಡಾಕ್ಟ್ರೇ," ಎಂದ ಫ್ರಾನ್ಸೆಲ್, ಕಣ್ಣೊರೆಸಿಕೊಳ್ಳುತ್ತಾ. "ಬರಿಗೈ ಹಾಕ್ತಾನೆ. ಪರದೆ ಮುಟ್ಟೋದೇ ಇಲ್ಲ. ಹುಳ ಕಚ್ಚಿದ್ರೂ ಲೆಕ್ಕಕ್ಕಿಲ್ಲ. ಭಾನುವಾರ ನೀವೇ ಬಂದು ನೋಡ್ಬೇಕು."

"ಭಾನುವಾರ," ಎಂದಳು ಡಾಕ್ಟರು. ಅವಳೂ ಒಂದು ಕುರ್ಚಿ ಎಳೆದುಕೊಂಡು ಕೂತಳು. ನಾಲ್ಕು ತಿಂಗಳಿಂದ ಬಾಟ್ಲಿಯ ಮೇಲಿನ ಚಿತ್ರ ನೋಡುವವನಿಗೆ ತಾನು ಡೋಸು ಹುಡುಕುತ್ತಿದ್ದೆನಲ್ಲ ಎಂದು ಅವಳಿಗೆ ಈಗ ಅರ್ಥವಾಯಿತು. ಪಾವ್ಲಾ ಮಾತ್ರ ಗಂಡನ ಪಕ್ಕ ಎದ್ದು ನಿಂತಿದ್ದಳು. ಸ್ವಲ್ಪಸ್ವಲ್ಪ ಹುಳಗಳ ಜೊತೆ ಇರಲಿ ಎಂದು ನೀವು ಹೇಳಿದ್ದು ನಿಜವೇ ಎಂದು ಡಾಕ್ಟರನ್ನು ಕೇಳಿದಳು. ಡಾಕ್ಟರು ಇಲ್ಲವೆಂದು ತಲೆಯಲ್ಲಾಡಿಸಿದಳು. ಪಾವ್ಲಾಳ ಮುಖ ನೋಡಿ ಸಂಘದವರು ಒಂದು ಹೆಜ್ಜೆ ಹಿಂದೆ ಸರಿದರು.

"ಸಿರಿಲ್, ಕಣ್ಣು ಬಿಡು," ಎಂದಳು ಪಾವ್ಲಾ. ಅವನು ಬಿಟ್ಟ. "ಪ್ಲಮ್ ಮರದ ಕೆಳಗೆ ನೀನು ಬಿದ್ದಿದ್ಯಲ್ಲ, ಆ ಮುಖ ನಂಗೆ ದಿನಾ ಕಣ್ಮುಂದೆ ಬರುತ್ತೆ. ನೀನು ಊರೋರ ಮುಂದೆ ಮಾನ ಹೋಗ್ಬಾರ್ದು ಅಂತ ನನ್ನನ್ನ ಒಂಟಿ ಮಾಡಕ್ಕೆ ಹೊರಟಿದ್ಯಾ?"

ಸಿರಿಲ್ ಎದ್ದು ಕೂತ. ಸಂಘದ ಕಡೆ ತಿರುಗಿ, ನನಗೆ ಹುಳ ಕಚ್ಚಿದರೆ ಊದುತ್ತದೆ ಎಂದು ಮೆಲ್ಲಗೆ ಹೇಳಿದ. ಭೂಮಿ ಬಾಯ್ಬಿಡಲಿಲ್ಲ. ಬಾವುಟ ಹಿಡಿದವನು ಗಂಟಲು ಸರಿಮಾಡಿಕೊಂಡು, ನನ್ನ ಹೆಂಡತಿಗೂ ಊದುತ್ತದೆ, ಹೊರಗೆ ಹೇಳಿಲ್ಲ ಎಂದ. ಇನ್ನೊಬ್ಬ ತನ್ನ ಭಾವನಿಗೂ ಎಂದ. ಮತ್ತೊಬ್ಬ ತನ್ನ ಕಿವಿಯನ್ನು ಮುಟ್ಟಿಕೊಂಡ. ಎದೆ ಹಾಳಾಗಿಲ್ಲವಲ್ಲ, ಅಷ್ಟು ಸಾಕು ಎಂದು ಎಲ್ಲರ ಮುಖದಲ್ಲೂ ಬರೆದಿತ್ತು.

ಡಾಕ್ಟರು ಲೆಕ್ಕ ಬದಲಿಸಿದಳು. ಬೀದಿಯಲ್ಲಿ ಹೋಗುವವನಿಗೆ ಎರಡು ಹುಳ ಸಾಕು, ಜೇನುಮನೆಯಲ್ಲಿ ಬಾಳುವವನಿಗೆ ನಾಲ್ಕು ಹುಳದಷ್ಟು ಬೇಕು, ಅಲ್ಲಿಗೆ ನಿಧಾನವಾಗಿ ಏರೋಣ, ಅಲ್ಲಿಯ ತನಕ ಇವರು ಜೇನುಮನೆಯ ಕಡೆ ತಲೆ ಹಾಕಿಯೂ ಮಲಗಬಾರದು ಎಂದಳು. ಹುಳಗಳನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಎಲ್ಲರೂ ಮುಂದೆ ಬಂದರು. ಫ್ರಾನ್ಸೆಲ್ ಮಾತ್ರ ಹೂವಿನ ಚಕ್ರದ ಎಲೆ ಕೀಳುತ್ತಾ ಕೂತಿದ್ದ.

"ಒಂದು ವಿಷಯ ಇದೆ," ಎಂದ ಕೊನೆಗೆ. "ನಾನು ನಿನ್ನೆ ಹುಳಗಳಿಗೆ ಹೇಳ್ಬಿಟ್ಟೆ."

ಸಿರಿಲ್ ಬದುಕಿರುವುದನ್ನು ಕಂಡಾಗಲೂ ಸಂಘದವರು ಇಷ್ಟು ಗಾಬರಿಯಾಗಿರಲಿಲ್ಲ. ಸಾವಿನ ಸುದ್ದಿ ಹೇಳುವ ಪದ್ಧತಿ ಅಜ್ಜಂದಿರ ಕಾಲದಿಂದ ಇದೆ, ಸುದ್ದಿ ವಾಪಸು ತೆಗೆದುಕೊಳ್ಳುವ ಪದ್ಧತಿ ಯಾರಿಗೂ ಗೊತ್ತಿಲ್ಲ. ಹೊಸ ಯಜಮಾನ ಎಂದು ಯಾರ ಹೆಸರು ಹೇಳಿದೆ, ನಿನ್ನದನ್ನೇ ಹೇಳಿಕೊಂಡೆಯಾ ಎಂದು ಸಿರಿಲ್ ಕೇಳಿದ. ಫ್ರಾನ್ಸೆಲ್‌ಗೆ ಆ ಮಾತು ಎದೆಗೆ ತಾಗಿತು.

"ಪಾವ್ಲಾ ಹೆಸ್ರು ಹೇಳ್ದೆ ಕಣೋ. ಇನ್ಯಾರ್ದು ಹೇಳ್ಲಿ?"

ಸಂಘ ಅಲ್ಲೇ, ಹಾಸಿಗೆಯ ಸುತ್ತ ನಿಂತು ಸಭೆ ನಡೆಸಿತು. ಹುಳಗಳಿಗೆ ಸುಳ್ಳು ಹೇಳಿದೆವು ಎಂದು ಹೇಳಿದರೆ ಅವು ಇನ್ನೆಂದೂ ನಮ್ಮ ಮಾತು ನಂಬುವುದಿಲ್ಲ. ಆದ್ದರಿಂದ ಹೇಳಿದ್ದನ್ನು ಉಳಿಸಿಕೊಳ್ಳಬೇಕು. ಇನ್ನು ಮೇಲೆ ಜೇನುಮನೆಯ ಯಜಮಾನಿ ಪಾವ್ಲಾ ಎಂದು ತೀರ್ಮಾನವಾಯಿತು. ಪ್ಲಮ್ ಮರದಿಂದಾಚೆ ಹೋಗದ ಪಾವ್ಲಾ ಬೇಡ ಎನ್ನಲು ಬಾಯಿ ತೆರೆದಳು. ಹಾಸಿಗೆಯ ಮೇಲೆ ಚೆಲ್ಲಿದ ಸಾರಿನ ನಡುವೆ ಪೆಚ್ಚುಮೋರೆ ಹಾಕಿಕೊಂಡು ಕೂತ ಗಂಡನನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು.

ಆ ಚಳಿಗಾಲವೆಲ್ಲ ಸಿರಿಲ್ ಅಡುಗೆಮನೆಯ ಕಿಟಕಿಯಿಂದ ಜೇನುಮನೆ ನೋಡುತ್ತಾ ಕಳೆದ. ಮಂಗಳವಾರ ಸೂಜಿ. ಭಾನುವಾರ ಏನೂ ಇಲ್ಲ. ಡೋಸು ಏರಿತು, ತೋಳು ಮೊದಲು ಊದಿತು, ಆಮೇಲೆ ಬರೇ ಕೆಂಪಾಯಿತು, ಆಮೇಲೆ ಸುಮ್ಮನಾಯಿತು. ಊರಿನವರು ತಿಂಡಿ ತರುವುದನ್ನು ನಿಲ್ಲಿಸಲಿಲ್ಲ, ಈಗ ಹುಳದ ಊತಕ್ಕೆ ಎಂದು ಹೇಳಿಯೇ ತರುತ್ತಿದ್ದರು. ಪಾವ್ಲಾ ಮೈತುಂಬ ಬಟ್ಟೆ ಸುತ್ತಿಕೊಂಡು, ಫ್ರಾನ್ಸೆಲ್‌ನ ಹಿಂದೆ ಹಿಂದೆ ಜೇನುಮನೆಗೆ ಹೋಗತೊಡಗಿದಳು. ಮೊದಲ ದಿನ ಅವಳ ಕಾಲು ನಡುಗುವುದು ಕಿಟಕಿಯವರೆಗೂ ಕಾಣುತ್ತಿತ್ತು. ಸಿರಿಲ್‌ಗೆ ಓಡಿಹೋಗಿ ಅವಳನ್ನು ಹಿಡಿದುಕೊಳ್ಳಬೇಕೆನಿಸಿತು. ಓಡುವಂತಿರಲಿಲ್ಲ. ತಾನು ಅಷ್ಟು ವರ್ಷ ಬರಿಗೈ ಹಾಕಿದ್ದಕ್ಕಿಂತ ಅವಳ ಆ ನಡುಗುವ ಕಾಲು ದೊಡ್ಡದು ಎಂದು ಅವನಿಗೆ ಆಗಲೇ ಅನಿಸಿದ್ದು.

ಏಪ್ರಿಲಿನಲ್ಲಿ ಡಾಕ್ಟರು, ಡೋಸು ಹೊಂದಿತು ಎನಿಸುತ್ತದೆ, ಪರೀಕ್ಷೆ ಮಾಡೋಣ, ಒಂದು ಜೀವಂತ ಹುಳ ತನ್ನಿ ಎಂದಳು. ಹುಳ ಹಿಡಿದುಕೊಡಲು ಫ್ರಾನ್ಸೆಲ್ ತಯಾರಾಗಿ ಬಂದ. ಪಾವ್ಲಾ ಅವನನ್ನು ಪ್ಲಮ್ ಮರದ ಈಚೆಗೇ ನಿಲ್ಲಿಸಿದಳು. ಹುಳ ನನ್ನದು, ಗಂಡ ನನ್ನವನು, ಇದರಲ್ಲಿ ನಿನ್ನದೇನು ಕೆಲಸ ಎಂದು ಕೇಳಿ, ತಾನೇ ಒಂದು ಗಾಜಿನ ಬಾಟಲಿ ಹಿಡಿದು ಹೋಗಿ ಹುಳ ಹಿಡಿದುಕೊಂಡು ಬಂದಳು. ದಾರಿಯಲ್ಲಿ ಸಿರಿಲ್ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಪಾವ್ಲಾ ಆಗಾಗ ಹುಳದ ಕಡೆ ನೋಡಿ, ತಪ್ಪು ತಿಳಿಯಬೇಡಮ್ಮ, ಬೇರೆ ದಾರಿಯಿಲ್ಲ ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಸಿರಿಲ್‌ನನ್ನು ಮಲಗಿಸಿ, ಒಂದು ಕೈಗೆ ಡ್ರಿಪ್ ಹಾಕಿ, ಇನ್ನೊಂದು ಕೈಯ ಮೇಲೆ ಹುಳವನ್ನು ಬಿಟ್ಟರು. ಸಾಧುಹುಳ ಮೊದಲು ಕಚ್ಚಲೇ ಇಲ್ಲ. ತೋಳಿನ ಮೇಲೆಲ್ಲ ಓಡಾಡಿತು. ಡಾಕ್ಟರು ಇಕ್ಕಳದಲ್ಲಿ ಮೆಲ್ಲಗೆ ಒತ್ತಿದ ಮೇಲೆ ಕಚ್ಚಿತು. ಪಾವ್ಲಾ ಗಂಡನ ಮುಖವನ್ನೇ ನೋಡುತ್ತಾ ಕೂತಳು. ತುಟಿ ದಪ್ಪವಾಗುತ್ತದೆಯೇ, ಕಣ್ಣು ಕೆಂಪಾಗುತ್ತದೆಯೇ ಎಂದು ಕಾಯುತ್ತಾ ಅವಳು ತಾನೇ ಉಸಿರು ಬಿಡುವುದನ್ನು ಮರೆತಿದ್ದಳು. ಗಡಿಯಾರ ತನ್ನ ಪಾಡಿಗೆ ನಡೆಯಿತು. ಸಿರಿಲ್‌ನ ಮುಖ ಸಿರಿಲ್‌ನ ಮುಖವಾಗಿಯೇ ಉಳಿಯಿತು. ತೋಳಿನ ಮೇಲೆ ಸಾಸಿವೆಯಷ್ಟು ಕೆಂಪು, ಅಷ್ಟೇ. ಹಸಿವಾಗುತ್ತಿದೆ ಎಂದು ಅವನು ಹೇಳಿದಾಗ ಪಾವ್ಲಾ ಅವನ ಎದೆಯ ಮೇಲೆ ಹಣೆಯಿಟ್ಟು ಅತ್ತಳು. ಹೊರಡುವ ಮುಂಚೆ ಸತ್ತುಬಿದ್ದಿದ್ದ ಹುಳವನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡಳು.

ಇನ್ನು ಕೆಲವು ವರ್ಷ ತಿಂಗಳಿಗೊಂದು ಸೂಜಿ, ಪರದೆ, ಕೈಗವಸು ಎಂದು ಡಾಕ್ಟರು ಷರತ್ತು ಹಾಕಿ ಕಳುಹಿಸಿದಳು. ಎಲ್ಲಾದರೂ ಹೆಚ್ಚುಕಮ್ಮಿಯಾದರೆ ಹಾಕಲು ಒಂದು ಸೂಜಿಯನ್ನು ಪಾವ್ಲಾಳ ಕೈಗೇ ಕೊಟ್ಟಳು, ಗಂಡನ ಕೈಗೆ ಕೊಡಲಿಲ್ಲ.

ಊರಿಗೆ ಬಂದಾಗ ಇಳಿಬಿಸಿಲು. ಚೆರ್ರಿ ಮರಗಳೆಲ್ಲ ಹೂಬಿಟ್ಟು, ಹುಳಗಳು ಕೆಲಸ ಮುಗಿಸಿ ಮನೆಗೆ ಬರುತ್ತಿದ್ದವು. ಬೇಲಿಯುದ್ದಕ್ಕೂ ಸಂಘದವರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಪಾವ್ಲಾ ಮೊದಲು ಪ್ಲಮ್ ಮರದ ಬುಡದಲ್ಲಿ ಸಣ್ಣದೊಂದು ಗುಂಡಿ ತೋಡಿ ಕರವಸ್ತ್ರದಲ್ಲಿದ್ದುದನ್ನು ಮಣ್ಣಿಗಿಟ್ಟಳು. ಸಿರಿಲ್ ಮರದ ಪಕ್ಕದಲ್ಲೇ ನಿಂತ. ಅಷ್ಟು ವರ್ಷ ಅವಳು ಎಲ್ಲಿ ನಿಲ್ಲುತ್ತಿದ್ದಳೋ ಅಲ್ಲಿ. ಹುಳಗಳ ಪಾಲಿಗೆ ತಾನು ಸತ್ತವನು, ಕರೆಯದೆ ಮುಂದೆ ಹೋಗುವಂತಿಲ್ಲ ಎಂದು ಅವನಿಗೆ ಗೊತ್ತಿತ್ತು.

ಪಾವ್ಲಾ ಒಬ್ಬಳೇ ಮುಂದೆ ಹೋದಳು. ಪ್ರಾಣಿಗಳು ಬೇಟೆಗಾರನನ್ನು ಹೊತ್ತ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದಳು.

"ನಾನು ಪಾವ್ಲಾ. ಯಜಮಾನಿ ನಾನೇ, ಅದ್ರಲ್ಲಿ ಬದ್ಲಾವಣೆ ಇಲ್ಲ," ಎಂದಳು. "ಅಲ್ಲಿ ಮರದ ಹತ್ರ ನಿಂತಿದಾನಲ್ಲ, ಅವನನ್ನ ಕೆಲಸಕ್ಕೆ ಇಟ್ಕೊಂಡಿದೀನಿ. ನಿಮಗೆ ಗೊತ್ತಿರೋನೇ. ನಂಗೆ ಇವನೊಬ್ನೇ ಇರೋದು. ನೋಡ್ಕೊಂಡು ಕಚ್ಚಿ."

ಉಳಿದ ಪೆಟ್ಟಿಗೆಗಳಿಗೂ ಒಂದೊಂದಾಗಿ ಅದನ್ನೇ ಹೇಳಿ ಬಂದು, ಗಂಡನ ತಲೆಗೆ ತಾನೇ ಪರದೆ ಹಾಕಿ, ಗಲ್ಲದ ಕೆಳಗೆ ದಾರ ಕಟ್ಟಿದಳು. ಆಮೇಲೆ ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.